ಬೂಜಿಯ ದ್ರಾಕ್ಷಿ, ನಂದಿಯ ವೈನು, ನಮ್ಮ ಅಟ್ಟದ ಕೊಬ್ಬರಿ

ಇಲ್ಲಿ ಏನಾದರೂ ಬರೆದು ತಿಂಗಳುಗಳೇ ಆದವು. 'ಏನ್ರೀ, ಅಂಗಡಿ ಮುಚ್ಚಿಬಿಟ್ರಾ?' ಅಂತ ಇಬ್ಬರು ಗೆಳೆಯರು ಕೇಳಿದ್ದೂ ಆಯ್ತು. ಮುಚ್ಚಿಲ್ಲ ಮಹಾರಾಯರೇ, ಬೀಗದ ಕೈ ಎಲ್ಲೋ ಇಟ್ಟು ಮರೆತಿದ್ದೆ ಅಷ್ಟೆ :-) ಇವತ್ತು ಬಾಗಿಲು ತೆಗೆದಿರೋದು ಒಂದು ವಿಚಿತ್ರ ವಿಷಯಕ್ಕೆ. ತಿಪಟೂರಿನವನು ಬರೆದರೆ ತೆಂಗಿನ ಬಗ್ಗೆ ಬರೀಬೇಕು. ನಾನು ವೈನಿನ ಬಗ್ಗೆ ಬರೆಯೋಕೆ ಕೂತಿದ್ದೇನೆ. ನಮ್ಮಜ್ಜಿ ಇದ್ದಿದ್ದರೆ ಪೊರಕೆ ಹುಡುಕುತ್ತಿದ್ದರು.

ಆಗಿದ್ದು ಇಷ್ಟು. ಆಫೀಸಿನ ಗೆಳೆಯರೆಲ್ಲ ಸೇರಿ ಒಂದು ಶನಿವಾರ ದೊಡ್ಡಬಳ್ಳಾಪುರದ ಹತ್ತಿರ ಇರುವ ಗ್ರೋವರ್ ದ್ರಾಕ್ಷಿ ತೋಟ ನೋಡೋಕೆ ಹೋದರು. ಕುಡಿಯದವನು ಅಂತ ನನ್ನನ್ನೂ ಎಳೆದುಕೊಂಡು ಹೋದರು (ವಾಪಸು ಬರುವಾಗ ಕಾರು ಓಡಿಸೋಕೆ ಒಬ್ಬ ಬೇಕಲ್ಲ!). ಸಾಲು ಸಾಲು ದ್ರಾಕ್ಷಿ ಬಳ್ಳಿ, ಆಚೆ ನಂದಿ ಬೆಟ್ಟದ ಸಾಲು. ಆಮೇಲೆ ಒಳಗೆ ತಂಪಾದ ಒಂದು ಕೋಣೆ. ಓಕ್ ಮರದ ಪೀಪಾಯಿಗಳು ಮಲಗಿವೆ, ಒಳಗಿನ ವೈನು ತಿಂಗಳುಗಟ್ಟಲೆ ಸುಮ್ಮನೆ ಕಾಯ್ತಾ ಇದೆ. ಗೆಳೆಯರು ಗ್ಲಾಸು ಅಲ್ಲಾಡಿಸಿ ಮೂಸಿ ನೋಡುತ್ತಿದ್ದರೆ, ನನ್ನ ಮೂಗಿಗೆ ಮಾತ್ರ ನಮ್ಮೂರಿನ ಅಟ್ಟದ ವಾಸನೆ ಬಂತು. ನಿಜವಾಗಿ ಬಂದದ್ದಲ್ಲ, ನೆನಪಿಗೆ ಬಂದದ್ದು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳ್ತೀನಿ. ನಮ್ಮಲ್ಲಿ ಬಲಿತ ಕಾಯನ್ನು ಕೂಡಲೇ ಒಡೆಯೋದಿಲ್ಲ. ಅಟ್ಟಕ್ಕೆ ಹಾಕ್ತೀವಿ. ಎಂಟು ತಿಂಗಳೋ, ಹತ್ತೋ, ಒಂದು ವರ್ಷವೋ ಅದು ಅಲ್ಲೇ ಇರುತ್ತೆ. ಒಳಗಿನ ನೀರು ತಾನಾಗೇ ಇಂಗಿ, ತಿರುಳು ಒಣಗಿ ಚಿಪ್ಪು ಬಿಟ್ಟು, ಕಾಯಿ ಅಲ್ಲಾಡಿಸಿದರೆ ಒಳಗೆ ಗುಡುಗುಡು ಅನ್ನಬೇಕು. ಆಗ ಇಳಿಸಿ, ಸುಲಿದು, ಚಿಪ್ಪು ಒಡೆದರೆ ಇಡೀ ಉಂಡೆ ಕೊಬ್ಬರಿ. ಆತುರ ಪಟ್ಟರೆ ಕೆಟ್ಟಿತು. ಪೀಪಾಯಿಯ ಪಕ್ಕದಲ್ಲಿ ನಿಂತಾಗ ಅನ್ನಿಸಿದ್ದು ಇದೇ: ಅವರು ನೆಲಮಾಳಿಗೆಯಲ್ಲಿ ಕಾಯ್ತಾರೆ, ನಾವು ತಲೆ ಮೇಲೆ ಇಟ್ಟುಕೊಂಡು ಕಾಯ್ತೀವಿ. ಆದರೆ ಆ ಕಾಯುವಿಕೆಗೆ ಅವರಿಗೆ ಸಿಗುವ ಮರ್ಯಾದೆಯೇ ಬೇರೆ, ನಮಗೆ ಸಿಗೋದೇ ಬೇರೆ. ಯಾಕೆ?

ಈ ಯಾಕೆಯ ಬೆನ್ನು ಹತ್ತಿ ಮನೆಗೆ ಬಂದವನು ಓದುತ್ತಾ ಹೋದೆ. ದೊಡ್ಡಬಳ್ಳಾಪುರದಿಂದ ಹೊರಟ ದಾರಿ ಫ್ರಾನ್ಸಿನ ಒಂದು ಪುಟ್ಟ ಹಳ್ಳಿಗೆ ಹೋಗಿ ಮುಟ್ಟಿತು. ಆ ಹಳ್ಳಿಯ ಹೆಸರು ಬೂಜಿ.

* * *

ಹೆಸರು ಕೇಳಿ ನನಗೂ ನಗು ಬಂತು. ಕೊಬ್ಬರಿಗೆ ಬೂಜು ಹಿಡಿದರೆ ನಮ್ಮವರ ಮುಖವೇ ಬಾಡಿಹೋಗುತ್ತೆ, ಇವರು ಊರಿಗೇ ಆ ಹೆಸರಿಟ್ಟುಕೊಂಡಿದ್ದಾರಲ್ಲ ಅಂತ. ಬೂಜಿ ಇರೋದು ಫ್ರಾನ್ಸಿನ ಈಶಾನ್ಯಕ್ಕೆ, ಶಾಂಪೇನ್ ಸೀಮೆಯಲ್ಲಿ. ರೀಮ್ಸ್ ಮತ್ತು ಎಪರ್ನೇ ಪಟ್ಟಣಗಳ ನಡುವೆ ಕಾಡು ಹೊದ್ದ ಒಂದು ಗುಡ್ಡ ಇದೆ. ಅದರ ದಕ್ಷಿಣದ ಇಳಿಜಾರಿನಲ್ಲಿ ಸಾವಿರದಷ್ಟು ಜನ ಇರುವ ಹಳ್ಳಿ ಇದು. ನಮ್ಮ ಕಡೆ ಲೆಕ್ಕದಲ್ಲಿ ಒಂದು ಸಾಧಾರಣ ಊರು, ಅಷ್ಟೆ. ಕೆಳಗೆ ಸುಣ್ಣದ ಬಿಳಿ ಮಣ್ಣು, ಮೇಲೆ ಪಿನೋ ನ್ವಾರ್ ಎಂಬ ಕಪ್ಪು ದ್ರಾಕ್ಷಿ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಾದ್ದರಿಂದ ಆ ಚಳಿ ಸೀಮೆಯಲ್ಲಿ ಇಲ್ಲಿಗೆ ಒಂದು ಪಾಲು ಬಿಸಿಲು ಜಾಸ್ತಿ.

ಶಾಂಪೇನ್ ಅಂದರೆ ಎಲ್ಲರಿಗೂ ಗೊತ್ತಿರೋದು ಕ್ರಿಕೆಟ್ ಗೆದ್ದಾಗ ಚಿಮ್ಮಿಸುವ ನೊರೆ. ಆದರೆ ಬೂಜಿಗೆ ಇನ್ನೊಂದು ಗುಟ್ಟಿದೆ. ನೊರೆ ಇಲ್ಲದ, ಸಾದಾ ಕೆಂಪು ವೈನು. ಅದರ ಹೆಸರು 'ಬೂಜಿ ರೂಜ್', ಅಂದರೆ ಬೂಜಿಯ ಕೆಂಪು. ಪ್ರಪಂಚದ ಅಂಗಡಿಗಳಲ್ಲಿ ಇದು ಅಷ್ಟಾಗಿ ಕಾಣೋದಿಲ್ಲ. ಅಲ್ಲಿನ ದ್ರಾಕ್ಷಿಯಲ್ಲಿ ಬಹುಪಾಲು ಶಾಂಪೇನಿಗೇ ಹೋಗುತ್ತೆ. ಬಿಸಿಲು ಚೆನ್ನಾಗಿ ಬಿದ್ದು ಹಣ್ಣು ಪೂರಾ ಮಾಗಿದ ವರ್ಷಗಳಲ್ಲಿ ಒಂದಿಷ್ಟನ್ನು ಎತ್ತಿಟ್ಟು ಈ ಕೆಂಪು ಮಾಡ್ತಾರೆ. ಇದಕ್ಕೂ ಕಾನೂನಿನ ಪ್ರಕಾರ ಬೇರೆಯೇ ಹೆಸರಿದೆ, 'ಕೊತೋ ಶಾಂಪನ್ವಾ', 1974ರಲ್ಲಿ ಕೊಟ್ಟದ್ದು. ಗುಲಾಬಿ ಬಣ್ಣದ ಶಾಂಪೇನಿಗೆ ಬಣ್ಣ ಕೊಡೋಕೂ ಇಂಥ ಕೆಂಪನ್ನೇ ಸ್ವಲ್ಪ ಬೆರೆಸುತ್ತಾರೆ.

ಸಣ್ಣ ಊರು, ಸ್ವಲ್ಪವೇ ವೈನು. ಆದರೂ ಸೀಸೆಯ ಮೇಲೆ ಊರಿನ ಹೆಸರು ಇರುತ್ತೆ. ಈ ಹೆಸರು ಸುಮ್ಮನೆ ಬಂತಾ? ಇಲ್ಲ. ಇಲ್ಲಿಂದ ಕಥೆ ನಮ್ಮ ಮಂಡಿಯ ಕಥೆಯ ಥರಾನೇ ಕೇಳಿಸೋಕೆ ಶುರು ಆಗುತ್ತೆ.

* * *

ನೂರು ವರ್ಷದ ಹಿಂದೆ ಶಾಂಪೇನ್ ಸೀಮೆಯಲ್ಲಿ ದ್ರಾಕ್ಷಿ ಬೆಳೆಯುವವರು ಒಬ್ಬರು, ಅದನ್ನು ಕೊಂಡು ವೈನು ಮಾಡಿ ಹೆಸರು ಗಳಿಸುವ ದೊಡ್ಡ ಮನೆತನಗಳು ಇನ್ನೊಂದು. ದರ ಗೊತ್ತು ಮಾಡೋರು ಕೊಳ್ಳುವವರು. ಕುಯ್ದ ದ್ರಾಕ್ಷಿ ನಾಳೆಗೆ ಉಳಿಯೋದಿಲ್ಲ, ಆದ್ದರಿಂದ ಬೆಳೆದವನ ಜುಟ್ಟು ಅವರ ಕೈಯಲ್ಲಿ. ಅದೂ ಸಾಲದು ಅಂತ ವ್ಯಾಪಾರಿಗಳಲ್ಲಿ ಕೆಲವರು ದಕ್ಷಿಣದ ಲಾಂಗ್‌ಡಾಕಿನಿಂದಲೂ, ಲ್ವಾರ್ ಕಣಿವೆಯಿಂದಲೂ ಅಗ್ಗದ ರಸ ತರಿಸಿ, ಅದಕ್ಕೂ ಶಾಂಪೇನ್ ಅಂತಲೇ ಚೀಟಿ ಅಂಟಿಸಿ ಮಾರತೊಡಗಿದರು. ಮೇಲೆ ಆಲಿಕಲ್ಲು, ಬೂಷ್ಟು ರೋಗ. 1910ರ ಬೆಳೆ ಪೂರ್ತಿ ಮಣ್ಣುಪಾಲು.

1911ರ ಜನವರಿಯಲ್ಲಿ ರೈತರು ಬೀದಿಗಿಳಿದರು. ಡಾಮೆರಿ, ಓವಿಲೇ ಎಂಬ ಹಳ್ಳಿಗಳಲ್ಲಿ ಹೊರಗಿನ ರಸ ತರುತ್ತಿದ್ದ ಗಾಡಿಗಳನ್ನೂ, ವ್ಯಾಪಾರಿಗಳ ಮಳಿಗೆಗಳನ್ನೂ ಒಡೆದು ವೈನನ್ನು ಹೊಳೆಗೆ ಹರಿಸಿದರು. ಅದೇ ಏಪ್ರಿಲ್ಲಿನಲ್ಲಿ ಬೂಜಿಗೆ ಅಷ್ಟೇನೂ ದೂರವಲ್ಲದ ಆಯಿ ಎಂಬ ಊರಿನಲ್ಲಿ ಮನೆ, ಗೋದಾಮುಗಳಿಗೆ ಬೆಂಕಿ ಬಿತ್ತು. ಸರ್ಕಾರ ಸೈನ್ಯ ಕಳಿಸಿತು.

ಗಲಾಟೆ ಆಗಿ ಏನು ಬಂತು ಅನ್ನೋದು ಮುಖ್ಯ. ಶಾಂಪೇನ್ ಅಂದರೆ ಯಾವ ಗಡಿಯೊಳಗಿನ ದ್ರಾಕ್ಷಿ ಅನ್ನೋದನ್ನು ಕಾನೂನಿನಲ್ಲಿ ಬರೆಯುವ ಕೆಲಸ ಗಟ್ಟಿ ಆಯ್ತು. ವರ್ಷಾನುಗಟ್ಟಲೆ ಎಳೆದಾಡಿ 1927ರ ಕಾನೂನು ಗಡಿಯನ್ನು ನಿಲ್ಲಿಸಿತು. 1935ರಲ್ಲಿ ಇಡೀ ಫ್ರಾನ್ಸಿಗೇ ಅನ್ವಯಿಸುವಂತೆ ಊರಿನ ಹೆಸರನ್ನು ಕಾಯುವ ಪದ್ಧತಿ ಬಂತು. ಇದರ ಜೊತೆಗೆ ಇನ್ನೊಂದು ಏರ್ಪಾಟೂ ಆಯ್ತು, ನನಗೆ ತುಂಬಾ ಹಿಡಿಸಿದ್ದು ಅದೇ. ಊರೂರಿನ ದ್ರಾಕ್ಷಿಗೆ ಅಂಕ ಕೊಟ್ಟರು. ಆ ವರ್ಷಕ್ಕೆ ಕಿಲೋಗೆ ಇಂತಿಷ್ಟು ಅಂತ ಒಂದು ದರ. ನೂರು ಅಂಕದ ಊರಿಗೆ ಪೂರಾ ದರ, ಎಂಬತ್ತು ಅಂಕದ ಊರಿಗೆ ನೂರಕ್ಕೆ ಎಂಬತ್ತು. ಬೂಜಿಗೆ ಸಿಕ್ಕಿದ್ದು ನೂರಕ್ಕೆ ನೂರು! 'ಗ್ರಾಂ ಕ್ರೂ' ಅನ್ನುವ ಈ ಮೇಲ್ಪಂಕ್ತಿಯಲ್ಲಿ ಇಡೀ ಸೀಮೆಗೆ 17 ಊರುಗಳಿವೆ, ಬೂಜಿ ಅದರಲ್ಲೊಂದು. ಅಂಕ ನೋಡಿ ದರ ಕಟ್ಟುವ ಪದ್ಧತಿ ಈಗ ನಿಂತಿದೆ. ಊರಿನ ಹೆಸರಿಗೆ ಅದು ತಂದ ತೂಕ ಮಾತ್ರ ಹಾಗೇ ಉಳಿದಿದೆ.

ಮಣ್ಣಿನ ಗುಣ, ಮಣ್ಣಿನ ಗುಣ ಅಂತ ವೈನಿನವರು ಬಾಯ್ತುಂಬ ಹೇಳ್ತಾರೆ. ಒಪ್ಪೋಣ. ಆದರೆ ಮಣ್ಣಿಗೆ ಗುಣ ಇದ್ದರೆ ಸಾಲದು, ಅದನ್ನು ಕಾಗದದ ಮೇಲೆ ಬರೆಸಿಕೊಳ್ಳೋಕೆ ಜನ ಬೀದಿಗೆ ಇಳಿಯಬೇಕಾಯ್ತು ಅನ್ನೋದನ್ನು ಸೀಸೆಯ ಚೀಟಿ ಹೇಳೋದಿಲ್ಲ.

* * *

ಈಗ ಬೂಜಿ ನಮ್ಮ ನಂದಿ ಬೆಟ್ಟಕ್ಕೆ ಹೇಗೆ ಬಂತು ಅಂತ ನೋಡೋಣ.

ಜಾರ್ಜ್ ವೆಸೆಲ್ ಅಂತ ಒಬ್ಬರು. ಬೂಜಿಯವರು, ಅಲ್ಲೇ ದ್ರಾಕ್ಷಿ ಬೆಳೆದು ಸ್ವಂತ ಹೆಸರಿನಲ್ಲಿ ಶಾಂಪೇನನ್ನೂ ಬೂಜಿ ರೂಜನ್ನೂ ಮಾಡುತ್ತಿದ್ದವರು, ಬಹುಕಾಲ ಆ ಊರಿನ ಮೇಯರ್ ಆಗಿದ್ದವರು (ನಮ್ಮ ಲೆಕ್ಕದಲ್ಲಿ ಪಂಚಾಯ್ತಿ ಛೇರ್ಮನ್ನರು). ಜೊತೆಗೆ ಮಮ್ ಎಂಬ ದೊಡ್ಡ ಶಾಂಪೇನ್ ಮನೆತನದ ದ್ರಾಕ್ಷಿ ತೋಟಗಳ ಉಸ್ತುವಾರಿಯೂ ಅವರದ್ದೇ. ಇತ್ತ ಕಂವಲ್ ಗ್ರೋವರ್ ಅಂತ ಒಬ್ಬ ಭಾರತೀಯ ಉದ್ಯಮಿ. ವ್ಯಾಪಾರದ ಮೇಲೆ ಫ್ರಾನ್ಸಿಗೆ ಓಡಾಡುತ್ತಿದ್ದವರಿಗೆ ಅಲ್ಲಿನ ಊಟದ ಜೊತೆ ವೈನಿನ ರುಚಿ ಹತ್ತಿತು. ಬಹಳ ಜನಕ್ಕೆ ಹತ್ತುತ್ತೆ, ನಾಲ್ಕು ಬಾಟಲಿ ತಂದು ಸುಮ್ಮನಾಗ್ತಾರೆ. ಇವರು ಬಳ್ಳಿಯನ್ನೇ ತರಬೇಕು ಅಂತ ಹಟ ಹಿಡಿದರು. ವೆಸೆಲ್ ಅವರನ್ನು ಕರೆತಂದು ಭಾರತದ ಬೇರೆಬೇರೆ ಕಡೆ ನೆಲ, ಹವೆ ತೋರಿಸಿದರು. ಸುಮಾರು 35 ಫ್ರೆಂಚ್ ತಳಿಗಳನ್ನು ಹಾಕಿ ನೋಡಿದರು. ವರ್ಷಗಳು ಹೋದವು. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾದದ್ದು ನಂದಿ ಬೆಟ್ಟದ ತಪ್ಪಲು. 1988ರಲ್ಲಿ ಸುಮಾರು 40 ಎಕರೆಯಲ್ಲಿ ತೋಟ ಎದ್ದಿತು. ಮೊದಲ ವೈನು ಮಾರುಕಟ್ಟೆಗೆ ಬಂದದ್ದು 1992ರಲ್ಲಿ.

ಇಸವಿಯೊಂದು ನನ್ನನ್ನು ತಡೆದು ನಿಲ್ಲಿಸಿತು. 1988ಕ್ಕೆ ಸರಿಯಾಗಿ ಇನ್ನೂರು ವರ್ಷ ಹಿಂದೆ, 1788ರಲ್ಲಿ, ಟಿಪ್ಪು ಸುಲ್ತಾನ್ ಕಳಿಸಿದ ರಾಯಭಾರಿಗಳು ಪ್ಯಾರಿಸ್ಸಿಗೆ ಹೋಗಿ ವರ್ಸೈಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿ ಎದುರು ನಿಂತಿದ್ದರು. ಸೈನ್ಯದ ನೆರವಿನ ಜೊತೆ ಕುಶಲಕರ್ಮಿಗಳನ್ನೂ, ಗಿಡ-ಬೀಜಗಳನ್ನೂ ಕೇಳಿದ್ದರು. ಟಿಪ್ಪು ತನ್ನ ರಾಜ್ಯದಲ್ಲಿ ಮದ್ಯವನ್ನು ನಿಷೇಧಿಸಲು ಹೊರಟಿದ್ದವನು, ಆದ್ದರಿಂದ ದ್ರಾಕ್ಷಿ ಮದ್ಯ ಅವನ ಪಟ್ಟಿಯಲ್ಲಿರಲು ಸಾಧ್ಯವಿಲ್ಲ. ಅವನ ಬೇಸಿಗೆ ಅರಮನೆ ಇರುವ ಅದೇ ಬೆಟ್ಟದ ಬುಡಕ್ಕೆ ಫ್ರಾನ್ಸಿನ ಬಳ್ಳಿ ಬಂದು ಊರಿದ್ದು ಇನ್ನೂರು ವರ್ಷ ಆದಮೇಲೆ. ಕಾಕತಾಳೀಯವೇ, ಆದರೂ ಚೆನ್ನಾಗಿದೆ ಅಲ್ವಾ?

ಬಂದ ಬಳ್ಳಿಗೆ ಇಲ್ಲಿ ಒಂದು ಕಷ್ಟ ಎದುರಾಯ್ತು. ಅದು ನಿದ್ದೆ. ಬೂಜಿಯಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆ ಉದುರಿಸಿ ಮಲಗಿಬಿಡುತ್ತೆ. ವಸಂತಕ್ಕೆ ಏಳುತ್ತೆ, ಸೆಪ್ಟೆಂಬರ್ ಹೊತ್ತಿಗೆ ಹಣ್ಣು. ವರ್ಷಕ್ಕೆ ಒಂದೇ ಸಲ ಚಾಟನಿ. ವೈನ್ ದ್ರಾಕ್ಷಿಗೆ ಸರಿಯಾದ ಜಾಗ ಅಂತ ಪುಸ್ತಕಗಳು ಹೇಳೋದು ಭೂಮಧ್ಯರೇಖೆಯಿಂದ 30ರಿಂದ 50 ಡಿಗ್ರಿ ದೂರದ ಪಟ್ಟಿಯನ್ನು. ನಂದಿ ಇರೋದು 13 ಡಿಗ್ರಿಯಲ್ಲಿ! ಇಲ್ಲಿ ಬಳ್ಳಿಗೆ ಮಲಗುವಂಥ ಚಳಿಯೇ ಇಲ್ಲ, ಬಿಟ್ಟರೆ ವರ್ಷವಿಡೀ ಚಿಗುರುತ್ತಾ ದಣಿದುಹೋಗುತ್ತೆ. ಹಾಗಾಗಿ ಕತ್ತರಿ ಹಿಡಿದು ಎರಡು ಸಲ ಚಾಟನಿ. ಕೊಯ್ಲಾದ ಮೇಲೆ ಬೇಸಿಗೆಯಲ್ಲಿ ಒಂದು, ಮಳೆ ಹಿಂದೆ ಸರಿಯುವ ಹೊತ್ತಿಗೆ ಇನ್ನೊಂದು. ಮಳೆಗಾಲದ ಫಸಲು ಬೇಡ. ಎರಡನೇ ಚಾಟನಿಯಾದ ಮೇಲೆ ಹೂ ಬಿಟ್ಟು, ಒಣ ಹವೆಯಲ್ಲಿ, ಹಗಲು ಬಿಸಿಲು ರಾತ್ರಿ ಚಳಿಯಲ್ಲಿ ಹಣ್ಣು ಮಾಗುತ್ತೆ. ಫ್ರಾನ್ಸಿನವರು ಸೆಪ್ಟೆಂಬರಿನಲ್ಲಿ ಕುಯ್ದರೆ ಇಲ್ಲಿ ಸಂಕ್ರಾಂತಿಯಿಂದ ಯುಗಾದಿಯ ಆಸುಪಾಸಿನವರೆಗೆ ಕುಯ್ಯುತ್ತಾರೆ. ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮೇಲಿರುವುದು ಇಲ್ಲಿ ಕೈ ಹಿಡಿದದ್ದು. 13 ಡಿಗ್ರಿಯ ಸೆಖೆಯನ್ನು ಎತ್ತರ ಕಳೆಯಿತು.

ಚಳಿ ಬಯಸುವ ಬೂಜಿಯ ಪಿನೋ ನ್ವಾರ್ ಇಲ್ಲಿ ಹೆಸರು ಮಾಡಲಿಲ್ಲ. ಇಲ್ಲಿ ಒಗ್ಗಿದ್ದು ಕ್ಯಾಬರ್ನೆ ಸೋವಿನ್ಯೋ, ಶಿರಾಜ್, ಬಿಳಿಗಳಲ್ಲಿ ವಿಯೋನ್ಯೇ, ಸೋವಿನ್ಯೋ ಬ್ಲಾಂ. ಕ್ಯಾಬರ್ನೆಗೆ ಶಿರಾಜ್ ಬೆರೆಸಿ ಓಕ್ ಪೀಪಾಯಿಯಲ್ಲಿ ಮಲಗಿಸಿದ 'ಲಾ ರೆಸರ್ವ್' ಈ ತೋಟದ ಹೆಸರನ್ನು ಹೊರಗೆ ಒಯ್ದ ಕೆಂಪು ವೈನು. 1990ರ ದಶಕದ ನಡುವಿನಿಂದ ಬೋರ್ಡೋ ಸೀಮೆಯ ಮಿಷೆಲ್ ರೋಲಾಂ, ಜಗತ್ತಿನ ಎಷ್ಟೋ ವೈನರಿಗಳಿಗೆ ಸಲಹೆ ಕೊಡುತ್ತಿದ್ದವರು, ಇಲ್ಲಿಗೂ ಸಲಹೆಗಾರರಾದರು. ಶಾಂಪೇನಿನ ವೂವ್ ಕ್ಲಿಕೋ ಮನೆತನವೂ 1996ರಲ್ಲಿ ಒಂದಿಷ್ಟು ಪಾಲು ಕೊಂಡಿತ್ತು, ಕೆಲಕಾಲ. ಕಂವಲ್ ಗ್ರೋವರ್ 2011ರಲ್ಲಿ ತೀರಿಕೊಂಡರು. 2012ರಲ್ಲಿ ಕಂಪನಿ ನಾಸಿಕದ ಕಡೆಯ ಇನ್ನೊಂದು ವೈನರಿಯ ಜೊತೆ ಸೇರಿ ಗ್ರೋವರ್ ಜಂಪಾ ಆಯ್ತು.

ರುಚಿ ಹೇಗಿತ್ತು ಅಂತ ಕೇಳ್ತೀರಿ, ಗೊತ್ತು. ಒಂದೇ ಒಂದು ಗುಟುಕು ಕುಡಿದೆ, ಸುಳ್ಳು ಹೇಳೋದಿಲ್ಲ. ಸಿಹಿ ಇರುತ್ತೆ ಅಂದುಕೊಂಡಿದ್ದೆ. ಅಡಿಕೆ ಜಗಿದ ಹಾಗೆ ನಾಲಿಗೆ ಒಗರಾಗಿ ಹಿಡಿದುಕೊಂಡಿತು. ಆ ಒಗರು ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರೋದಂತೆ. ಕೆಂಪು ವೈನನ್ನು ಸಿಪ್ಪೆ ಸಮೇತ ಹುದುಗು ಬರಿಸುತ್ತಾರೆ, ಬಿಳಿಗಾದರೆ ಮೊದಲೇ ಹಿಂಡಿ ರಸ ಮಾತ್ರ. ಗೆಳೆಯರು ಅದರಲ್ಲಿ ನೇರಳೆ, ಮೆಣಸು, ಹೊಗೆ ಏನೇನೋ ಕಂಡರು. ನನಗೆ ಕಂಡಿದ್ದು ಅಡಿಕೆ ಮಾತ್ರ :-)

ಅಂದ ಹಾಗೆ ನಮ್ಮಜ್ಜಿ ವೈನು ಅಂದರೆ ಪೊರಕೆ ಹುಡುಕುತ್ತಿದ್ದರು ಅಂದೆನಲ್ಲ, ಅದೇ ಅಜ್ಜಿ ರಾತ್ರಿ ಊಟ ಆದಮೇಲೆ ಎರಡು ಚಮಚ ದ್ರಾಕ್ಷಾರಿಷ್ಟ ಕುಡಿಯದೆ ಮಲಗುತ್ತಿರಲಿಲ್ಲ. ಒಣದ್ರಾಕ್ಷಿ ಕಷಾಯಕ್ಕೆ ಬೆಲ್ಲ ಸೇರಿಸಿ ಹುದುಗು ಬರಿಸಿದ್ದು. ಅದರಲ್ಲೂ ತಾನಾಗಿ ಹುಟ್ಟಿದ ಮದ್ಯಸಾರ ಇದ್ದೇ ಇರುತ್ತೆ. ಹೆಸರು ಬದಲಾದರೆ ಪೊರಕೆಯೂ ಸುಮ್ಮನಾಗುತ್ತೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

* * *

ಆ ತೋಟದಿಂದ ಹೊರಗೆ ಬಂದು ದೇವನಹಳ್ಳಿ ದಾರಿ ಹಿಡಿದರೆ ರಸ್ತೆ ಪಕ್ಕ ಇನ್ನೊಂದು ದ್ರಾಕ್ಷಿ ಸಿಗುತ್ತೆ. ಕಲ್ಲು ಕಂಬ ನೆಟ್ಟು, ತಂತಿ ಬಿಗಿದು, ಮೇಲೆ ಚಪ್ಪರ ಹಬ್ಬಿಸಿದ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಸಣ್ಣ ರೈತರ ಬೆಳೆ. ರೋಗಕ್ಕೆ ಅಷ್ಟು ಬೇಗ ಬಗ್ಗೋದಿಲ್ಲ, ವರ್ಷಕ್ಕೆ ಎರಡು ಫಸಲು. ಜ್ಯೂಸು, ಜಾಮು, ಅಗ್ಗದ ಸಿಹಿ ವೈನಿಗೆ ಹೋಗುತ್ತೆ.

ಇದು ಹುಟ್ಟಿನಿಂದ ಅಮೆರಿಕದ ಕಡೆಯದ್ದು, ಇಸಾಬೆಲ್ಲಾ ಎಂಬ ತಳಿಯ ಬಳಗ. ಇದರ ಘಾಟು ವಾಸನೆಗೆ ವೈನಿನವರು 'ನರಿ ವಾಸನೆ' ಅಂತ ಹೆಸರಿಟ್ಟಿದ್ದಾರೆ. ಫ್ರಾನ್ಸಿನಲ್ಲಿ 1934ರ ಕೊನೆಯಲ್ಲಿ ಬಂದ ಕಾನೂನು ಇಸಾಬೆಲ್ಲಾ ಸೇರಿದಂತೆ ಇಂಥ ಆರು ತಳಿಗಳನ್ನು ವೈನಿಗೆ ಬಳಸಬಾರದು ಅಂತ ನಿಷೇಧಿಸಿತು. ನೋಡಿ ಹೇಗಿದೆ: ಬೂಜಿಯ ದ್ರಾಕ್ಷಿಗೆ ಹೆಸರಿನ ಕಾವಲು ಕೊಟ್ಟ ಕಾನೂನು ಮತ್ತು ಇಸಾಬೆಲ್ಲಾಳನ್ನು ಊರು ಬಿಡಿಸಿದ ಕಾನೂನು, ಎರಡೂ ಒಂದೇ ದೇಶದಲ್ಲಿ ಒಂದು ವರ್ಷದ ಅಂತರದಲ್ಲಿ ಬಂದವು. ಕುಲ ಯಾವುದು ಅಂತ ಕೇಳುವ ಚಾಳಿ ದ್ರಾಕ್ಷಿಯನ್ನೂ ಬಿಟ್ಟಿಲ್ಲ.

ನಮ್ಮ ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಒಳ್ಳೆಯದೇ. ಆದರೆ ಬೂಜಿಯ ಕಥೆ ಓದಿದ ಮೇಲೆ ನನಗೆ ಅನ್ನಿಸೋದು, ಗುರುತಿನ ಚೀಟಿ ಒಂದೇ ದರ ತಂದುಕೊಡೋದಿಲ್ಲ. ಆ ಚೀಟಿಯ ಹಿಂದೆ ಊರಿಗೂ ದರಕ್ಕೂ ಗಂಟು ಹಾಕಿದ ಒಂದು ಏರ್ಪಾಟು ಇರಬೇಕು.

* * *

ಫ್ರಾನ್ಸಿನವರಿಗೆ ಅಮೆರಿಕದ ಬಳ್ಳಿಯ ಮೇಲೆ ಸಿಟ್ಟು ಇರೋಕೆ ಇನ್ನೊಂದು ಹಳೇ ಕಾರಣ ಇದೆ. ಇಲ್ಲಿಂದ ಕಥೆ ನೇರ ನಮ್ಮ ತೋಟಕ್ಕೇ ಬರುತ್ತೆ.

1860ರ ದಶಕದಲ್ಲಿ ಅಮೆರಿಕದಿಂದ ತಂದ ಬಳ್ಳಿಗಳ ಜೊತೆ ಫಿಲಾಕ್ಸೆರಾ ಎಂಬ ಕಣ್ಣಿಗೆ ಸರಿಯಾಗಿ ಕಾಣದ ಹೇನಿನಂಥ ಹುಳು ಫ್ರಾನ್ಸಿಗೆ ಬಂತು. ಬೇರು ಹಿಡಿದು ರಸ ಹೀರಿ, ತೋಟಕ್ಕೆ ತೋಟ ಒಣಗಿಸಿತು. 1868ರಲ್ಲಿ ಮಾಂಪೆಲಿಯೆಯ ಪ್ಲಾಂಶಾನ್ ಎಂಬ ವಿಜ್ಞಾನಿ ಮತ್ತವರ ಜೊತೆಗಾರರು ಬೇರು ಅಗೆದು ಹುಳುವನ್ನು ಕಂಡುಹಿಡಿದರು. ಮದ್ದು ಮಾತ್ರ ಸಿಗಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಅದೇ ಅಮೆರಿಕದ ಬಳ್ಳಿ. ಅದರ ಬೇರಿಗೆ ಹುಳುವನ್ನು ತಾಳುವ ಶಕ್ತಿ ಇತ್ತು. ಕೆಳಗೆ ಅಮೆರಿಕದ ಬೇರು, ಮೇಲೆ ಫ್ರಾನ್ಸಿನ ಕಡ್ಡಿ, ನಡುವೆ ಕಸಿ. ಅಲ್ಲಿಂದಾಚೆಗೆ ಫ್ರಾನ್ಸಿನ ತೋಟಗಳಲ್ಲಿ ಬಹುಪಾಲು ನಿಂತಿರೋದು ಅಮೆರಿಕದ ಬೇರಿನ ಮೇಲೆ. ನರಿ ವಾಸನೆ ಅಂತ ಮೂಗು ಮುರಿದವರನ್ನು ಕಾಪಾಡಿದ್ದೂ ಅದೇ ಕುಲ!

ನಮಗೂ ಒಂದು ಅಂಥದ್ದೇ ಬಂತು. ನುಸಿ. 1998ರಲ್ಲಿ ಕೇರಳದ ಎರ್ನಾಕುಲಂ ಕಡೆ ಮೊದಲು ಕಾಣಿಸಿಕೊಂಡ ತೆಂಗಿನ ನುಸಿ ಬಲುಬೇಗ ನಮ್ಮ ಸೀಮೆಗೂ ನುಗ್ಗಿತು. ಎಳೆಗಾಯಿಯ ತೊಟ್ಟಿನಡಿ ಕೂತು ಹೀರುತ್ತೆ, ಕಾಯಿಯ ಮೈ ಕಂದಾಗಿ ಬಿರಿದು ಸೊರಗುತ್ತೆ. ಸಿಪ್ಪೆ ಸುಲಿಯೋಕೆ ಬಾರದು, ಒಳಗೆ ತಿರುಳು ಚಿಕ್ಕದು. ಆ ವರ್ಷಗಳಲ್ಲಿ ನಮ್ಮ ತಾತ ಬುಡದಲ್ಲಿ ನಿಂತು ಮೇಲೆ ನೋಡಿ, ಏನೂ ಮಾತಾಡದೆ ಬಂದು ಜಗಲಿ ಮೇಲೆ ಕೂರುತ್ತಿದ್ದದ್ದು ನೆನಪಿದೆ. ಮರಕ್ಕೆ ಔಷಧಿ ಕುಡಿಸಿದರು, ಬೇವಿನ ಹಿಂಡಿ ಹಾಕಿದರು. ಅಟ್ಟ ಅರ್ಧ ಖಾಲಿ.

ಕಾಯಿ ಕೈಕೊಟ್ಟಾಗ ರೈತರು ಕೇಳಿದ್ದು: ಹೊಂಬಾಳೆಯಿಂದ ನೀರಾ ಇಳಿಸೋಕೆ ಬಿಡಿ. ನಮ್ಮ ಕಡೆ ಹೆಂಡ ಅಂದರೆ ಈಚಲದ್ದೇ ಹೆಚ್ಚು, ತೆಂಗಿಗೆ ಮಡಕೆ ಕಟ್ಟುವ ರೂಢಿ ಅಷ್ಟಾಗಿ ಇರಲಿಲ್ಲ. ನೀರಾ ಹುಳಿಯದ ರಸ, ಮತ್ತು ಬರಿಸುವಂಥದ್ದಲ್ಲ. ಆದರೆ ಕೆಲವು ಗಂಟೆ ಬಿಟ್ಟರೆ ಸಾಕು, ತಾನಾಗೇ ಹುದುಗಿ ಕಳ್ಳಾಗುತ್ತೆ. ಹಾಗಾಗಿ ಅದು ಅಬಕಾರಿ ಕಾನೂನಿನ ಕಣ್ಣಿಗೆ ಬಿತ್ತು. 2001ರಲ್ಲಿ ನೀರಾ ಚಳವಳಿ ಬಲವಾಯ್ತು. ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸ್ ಗುಂಡಿಗೆ ರೈತರ ಜೀವ ಹೋಯ್ತು. ಆಯಿ ಊರಿನ 1911 ಓದುವಾಗ ನನಗೆ ಕಣ್ಣ ಮುಂದೆ ಬಂದದ್ದು ಈ ಹಳ್ಳಿ.

ಆಮೇಲೆ 2007 ಬಂತು. ಆ ವರ್ಷ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯ್ತು. ಎಷ್ಟೋ ಹೆಣ್ಣುಮಕ್ಕಳು ಹೋರಾಡಿ ಬೇಡಿದ್ದೇ ಅದು, ಅದರ ಬಗ್ಗೆ ನನ್ನ ತಕರಾರಿಲ್ಲ. ಅದೇ 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ಹೊರಡಿಸಿತು. ವೈನು ತೋಟಗಾರಿಕೆಯ ಮಾತಾಯ್ತು, ಮುಂದೆ ಅದಕ್ಕೊಂದು ಮಂಡಳಿ, ವೈನ್ ಉತ್ಸವಗಳು. ಅದರಿಂದ ದ್ರಾಕ್ಷಿ ಬೆಳೆಯುವ ರೈತರಿಗೆ ಒಂದು ದಾರಿ ಆಯ್ತು, ಒಳ್ಳೆಯದೇ ಆಯ್ತು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ, ಅದೇ ಚನ್ನಪಟ್ಟಣದ ಬಳಿ, ಮುಂದೆ ಒಂದು ವೈನರಿಯೂ ಬಂತು. ತೆಂಗಿನ ರಸಕ್ಕೆ ಮಾತ್ರ ಕಾನೂನಿನ ಬಾಗಿಲು ತೆರೆಯೋಕೆ 2016-17ರವರೆಗೆ ಕಾಯಬೇಕಾಯ್ತು. ಹುದುಗು ಬಂದ ದ್ರಾಕ್ಷಿ ರಸ ತೋಟಗಾರಿಕೆ, ಹುದುಗು ಬಾರದ ತೆಂಗಿನ ರಸ ಅಬಕಾರಿ! ಅಜ್ಜಿಯ ದ್ರಾಕ್ಷಾರಿಷ್ಟದ ಮಾತು ನೆನಪಿಟ್ಟುಕೊಳ್ಳಿ ಅಂದಿದ್ದು ಇದಕ್ಕೇ.

ಕಾಸರಗೋಡಿನ ತೋಟ ಬೆಳೆಗಳ ಸಂಶೋಧನಾ ಕೇಂದ್ರದವರು ಹೊಂಬಾಳೆಗೆ ಮಂಜುಗಡ್ಡೆಯ ಪೆಟ್ಟಿಗೆ ಕಟ್ಟಿ ರಸವನ್ನು ಹುಳಿಯದಂತೆ ಇಳಿಸುವ ಉಪಾಯ ಮಾಡಿ, ಅದಕ್ಕೆ 'ಕಲ್ಪರಸ' ಅಂತ ಹೆಸರಿಟ್ಟಿದ್ದಾರೆ. ಉಪಾಯ ಚೆನ್ನಾಗಿದೆ. ಆದರೆ ಮರ ಹತ್ತುವವರು ಎಲ್ಲಿ? ಕಾಯಿ ಕೀಳೋಕೇ ಆಳು ಸಿಗದ ಕಾಲದಲ್ಲಿ ದಿನಕ್ಕೆರಡು ಸಲ ಹೊಂಬಾಳೆ ಕೆತ್ತೋಕೆ ಯಾರು ಹತ್ತುತ್ತಾರೆ? ಹೀಗಾಗಿ ನಮ್ಮ ಊರುಗಳು ಈಗಲೂ ನಂಬಿಕೊಂಡಿರೋದು ಅಟ್ಟದ ಕೊಬ್ಬರಿಯನ್ನೇ.

* * *

ಕೊಬ್ಬರಿಯ ದರದ ಕಥೆ ನಿಮಗೆ ಗೊತ್ತಿರೋದೇ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಹೇಳಿದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಬಹಳ ಕೆಳಗೆ ಬಿದ್ದು ರೈತರು ಧರಣಿ ಕೂತರು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಆ ಹೊತ್ತಿಗೆ ಎಷ್ಟು ಜನರ ಅಟ್ಟದಲ್ಲಿ ಕಾಯಿ ಉಳಿದಿತ್ತು ಅನ್ನೋದು ಬೇರೆ ಮಾತು. ಮರಕ್ಕೆ ರೋಗ, ಮಳೆ ಇಲ್ಲ, ಇಳುವರಿ ಕಮ್ಮಿ. ದರ ಇದ್ದಾಗ ಕಾಯಿಲ್ಲ, ಕಾಯಿದ್ದಾಗ ದರವಿಲ್ಲ.

ಉಂಡೆ ಕೊಬ್ಬರಿಗೆ ತಿಪಟೂರು ದೇಶದಲ್ಲೇ ದೊಡ್ಡ ಮಾರುಕಟ್ಟೆ. ನಮ್ಮ ಎತ್ತರದ ತಳಿಗೆ ಸಂಶೋಧಕರು ಊರಿನ ಹೆಸರನ್ನೇ ಕೊಟ್ಟಿದ್ದಾರೆ, 'ತಿಪಟೂರು ಟಾಲ್' ಅಂತ. ಉತ್ತರದವರ ಪೂಜೆಗೂ ಮದುವೆಗೂ ಮಿಠಾಯಿಗೂ ನಮ್ಮ ಕೊಬ್ಬರಿ ಹೋಗುತ್ತೆ. ಹೆಸರು ಇದೆ, ವ್ಯಾಪಾರಿಗಳ ಬಾಯಲ್ಲಿ ಇದೆ. ಆದರೆ ದೂರದ ಆ ಅಂಗಡಿಯಲ್ಲಿ ಗಿಟುಕು ಕೊಳ್ಳುವ ಹೆಂಗಸಿಗೆ ಇದು ಯಾವ ಹಳ್ಳಿಯ ಅಟ್ಟದಲ್ಲಿ ಎಷ್ಟು ತಿಂಗಳು ಕಾದ ಕಾಯಿ ಅಂತ ಗೊತ್ತಾಗೋಕೆ ದಾರಿಯೇ ಇಲ್ಲ. ಚೀಲಕ್ಕೆ ಬಿದ್ದ ಕೂಡಲೇ ಹುಳಿಯಾರಿನದ್ದು, ನೊಣವಿನಕೆರೆಯದ್ದು, ಕಿಬ್ಬನಹಳ್ಳಿಯದ್ದು ಎಲ್ಲ ಒಂದೇ. ಸಾವಿರ ಜನರ ಬೂಜಿಗೆ ಇರುವ ಚೀಟಿ ನಮ್ಮ ಯಾವ ಹಳ್ಳಿಗೂ ಇಲ್ಲ.

ನಾವೂ ಶಾಂಪೇನಿನವರಂತೆ ಆಗೋಣ ಅಂತ ಹೇಳೋಕೆ ನಾನು ಇದನ್ನೆಲ್ಲ ಬರೀಲಿಲ್ಲ. ಅವರ ಮಣ್ಣು ಅವರಿಗೆ. ನಂದಿಯ ತಪ್ಪಲು ಕಲಿಸಿದ್ದು ಒಂದು ಪಾಠ: ಬಳ್ಳಿಯನ್ನು ತರಬಹುದು, ಕಸಬನ್ನೂ ತರಬಹುದು, ಕಾಯುವ ತಾಳ್ಮೆ ಇದ್ದರೆ 13 ಡಿಗ್ರಿಯಲ್ಲೂ ವೈನು ಆಗುತ್ತೆ. ಬೂಜಿ ಕಲಿಸಿದ್ದು ಇನ್ನೊಂದು: ಊರಿನ ಹೆಸರು ಮತ್ತು ಬೆಳೆದವನ ದರ, ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಸಿಕೊಳ್ಳಬೇಕು. ಅದನ್ನು ಯಾರೂ ತಾವಾಗಿ ಕೊಡೋದಿಲ್ಲ.

ಆ ವಾರವೇ ಊರಿಗೆ ಹೋಗಿದ್ದೆ. ಏಣಿ ಹಾಕಿ ಅಟ್ಟ ಹತ್ತಿದೆ. ತಾತ ಇಲ್ಲ, ಅಜ್ಜಿ ಇಲ್ಲ, ಅಪ್ಪ ಕೆಳಗೆ ನಿಂತು 'ಏನ್ ನೋಡ್ತಾ ಇದೀಯೋ ಅಲ್ಲಿ?' ಅಂತ ಕೂಗಿದರು. ಒಂದು ಕಾಯಿ ಎತ್ತಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ. ಇನ್ನೂ ನೀರಿನ ಸದ್ದು. ತಿರುಳು ಬಿಟ್ಟಿಲ್ಲ.

'ಇನ್ನೂ ಎರಡು ತಿಂಗಳು ಬೇಕಪ್ಪ' ಅಂದೆ.

'ಇರ್ಲಿ ಬಿಡು, ದರ ನೋಡ್ಕೊಂಡು ಇಳಿಸಣ' ಅಂದರು ಅಪ್ಪ.

ನಿಮ್ಮೂರಿನಲ್ಲೂ ಹೀಗೆ ಕಾದು ಮಾಡುವ ಪದಾರ್ಥ ಏನಾದರೂ ಇದ್ದೇ ಇರುತ್ತೆ. ಬೆಲ್ಲವೋ, ಹಪ್ಪಳವೋ, ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿಯೋ. ಅದರ ಮೇಲೆ ನಿಮ್ಮೂರಿನ ಹೆಸರು ಇದೆಯಾ? ಪುರುಸೊತ್ತಾದಾಗ ಬರೆಯಿರಿ, ಓದೋಕೆ ಕಾಯ್ತಾ ಇರ್ತೀನಿ.